ಒಡಲನ್ನು ನೋಡುವ ಕಣ್ಣುಗಳು

ಹಿರಿಯರೂ ಕಿರಿಯರೂ, ಹೆಂಗಸರೂ ಮಕ್ಕಳೂ ಮನೆಯಲ್ಲಿ ಒಟ್ಟಿಗೆ ಕುಳಿತು ಓದುವ ಪತ್ರಿಕೆಯಲ್ಲಿ ಗಂಡಸರ ಮೂತ್ರಕೋಶದ ಕೆಳಗಿರುವ ಒಂದು ಗ್ರಂಥಿಯ ವಿಷಯವನ್ನು ಬರೆಯುವುದು ಉಚಿತವೇ ಎಂದು ನಾನು ಬಹಳ ದಿನ ಯೋಚಿಸಿದೆನು. ಕೊನೆಗೆ ಬರೆಯುವುದೇ ಸರಿಯೆಂದು ತೋರಿತು. ಏಕೆಂದರೆ ಈ ಸಂಕೋಚವೇ ನಮ್ಮ ಮನೆತನದಲ್ಲಿ ಒಂದು ಪ್ರಾಣವನ್ನು ತೆಗೆದುಕೊಂಡಿದೆ. ತಿಪಟೂರಿನಲ್ಲಿದ್ದ ನಮ್ಮ ಭಾವನವರು ರಾತ್ರಿ ಐದಾರು ಬಾರಿ ಎದ್ದು ಹೋಗುತ್ತಿದ್ದುದನ್ನು ಯಾರಿಗೂ ಹೇಳಲಿಲ್ಲ. ಸೊಂಟದ ನೋವಿಗೆ ಎರಡು ವರ್ಷ ಎಣ್ಣೆ ನೀವಿಸಿಕೊಂಡರು. 2014ರಲ್ಲಿ ಬೆಂಗಳೂರಿಗೆ ಕರೆತಂದು ಪರೀಕ್ಷೆ ಮಾಡಿಸಿದಾಗ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಬೆನ್ನುಮೂಳೆಗೆ ಇಳಿದಿರುವುದು ತಿಳಿಯಿತು. ಎಂಟು ತಿಂಗಳಲ್ಲಿ ಅವರು ನಮ್ಮನ್ನು ಬಿಟ್ಟು ಹೋದರು.

ನಾನು ವೈದ್ಯನಲ್ಲ. ಹೊಸ ತಿಪ್ಪಸಂದ್ರದಲ್ಲಿ ಮನೆಮಾಡಿಕೊಂಡು, ನೆರೆಯ ವಿಮಾನದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಈಗ ವಿಶ್ರಾಂತಿಯಲ್ಲಿರುವವನು. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಾಯದಿಂದ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಆ ಕಾರ್ಖಾನೆಯು ನಮ್ಮ ಪೂರ್ವದಿಕ್ಕಿನ ಬಡಾವಣೆಗಳಲ್ಲಿ ಎಷ್ಟು ಮನೆಗಳಿಗೆ ಅನ್ನವಿಟ್ಟಿದೆಯೋ ಲೆಕ್ಕವಿಲ್ಲ. ನನ್ನ ಕೆಲಸವು ತಪಾಸಣೆಯ ವಿಭಾಗದಲ್ಲಿತ್ತು. ಲೋಹದ ಭಾಗಗಳನ್ನು ಒಡೆಯದೆ, ಕೊಯ್ಯದೆ, ಅವುಗಳ ಒಳಗೆ ಬಿರುಕು ಇದೆಯೋ ಇಲ್ಲವೋ ಎಂದು ಹೇಳುವುದೇ ನನ್ನ ವೃತ್ತಿ. ಬಣ್ಣದ ದ್ರವವನ್ನು ಹಚ್ಚಿ ಒರೆಸಿದರೆ ಮೇಲ್ಮೈಗೆ ಬಾಯಿ ತೆರೆದಿರುವ ಬಿರುಕು ಮಾತ್ರ ಕಾಣುತ್ತದೆ. ಕ್ಷ-ಕಿರಣಕ್ಕೆ ಒಳಗಿನ ಪೊಳ್ಳು ಕಂಡರೂ, ಕಿರಣಕ್ಕೆ ಅಡ್ಡಲಾಗಿ ಮಲಗಿರುವ ಕೂದಲೆಳೆಯ ಸೀಳು ತಪ್ಪಿಸಿಕೊಳ್ಳಬಹುದು. ಅದನ್ನು ಧ್ವನಿತರಂಗವು ಹಿಡಿಯುತ್ತದೆ. ಒಂದೊಂದು ಕಣ್ಣಿಗೂ ಒಂದೊಂದು ಕುರುಡುಂಟು ಎಂಬ ಪಾಠವನ್ನು ಅಲ್ಲಿ ಕಲಿತಿದ್ದೆನು. ಆದರೆ ನನ್ನ ಸ್ವಂತ ಒಡಲಿನ ಸರದಿ ಬಂದಾಗ ಆ ಪಾಠವನ್ನೇ ಮರೆತೆನು.

2021ರಲ್ಲಿ ವಾಡಿಕೆಯ ಆರೋಗ್ಯ ಪರೀಕ್ಷೆಯಲ್ಲಿ ನನ್ನ ರಕ್ತದ ಪಿ.ಎಸ್.ಎ. ಅಂಶವು 7 ಎಂದು ಬಂದಿತು. ಸಾಮಾನ್ಯವಾಗಿ 4ಕ್ಕಿಂತ ಹೆಚ್ಚಾದರೆ ವಿಚಾರಿಸಿ ನೋಡಬೇಕೆನ್ನುತ್ತಾರೆ. ಇದು ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿ ಸ್ವಲ್ಪಮಟ್ಟಿಗೆ ರಕ್ತಕ್ಕೆ ಸೋರುವ ಒಂದು ಪದಾರ್ಥ. ಗ್ರಂಥಿಯು ವಯಸ್ಸಿನಿಂದ ದೊಡ್ಡದಾದರೂ ಇದು ಏರುತ್ತದೆ, ನಂಜಾದರೂ ಏರುತ್ತದೆ, ಕ್ಯಾನ್ಸರಾದರೂ ಏರುತ್ತದೆ. ಆದುದರಿಂದ ಇದು ಬಾಗಿಲು ಬಡಿಯುವ ಸದ್ದಿನಂತೆ. ಬಂದವರು ನಂಟರೋ ಕಳ್ಳರೋ ಎಂಬುದು ಸದ್ದಿನಿಂದ ತಿಳಿಯದು. ವೈದ್ಯರು ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿಕೊಂಡು, ಮೂರು ತಿಂಗಳ ತರುವಾಯ ರಕ್ತವನ್ನು ಮತ್ತೆ ಪರೀಕ್ಷಿಸಬೇಕೆಂದು ಹೇಳಿದರು.

ಒಂದು ಸ್ಕ್ಯಾನ್ ಕೇಂದ್ರಕ್ಕೆ ಹೋದೆನು. ಗ್ರಂಥಿಯ ಗಾತ್ರ 48 ಮಿಲಿಲೀಟರು, ವಯೋಧರ್ಮದ ಹಿಗ್ಗುವಿಕೆ ಎಂದು ವರದಿಯಲ್ಲಿತ್ತು. ಕಾಗದವನ್ನು ಕೈಗಿತ್ತ ಹುಡುಗನು, “ಏನೂ ತೊಂದರೆ ಇಲ್ಲ ಸಾರ್, ವಯಸ್ಸಾದವರಿಗೆಲ್ಲ ಇರುವುದೇ” ಎಂದನು. ನನಗೆ ಬೇಕಾಗಿದ್ದ ಮಾತೂ ಅದೇ. ವರದಿಯನ್ನು ಬೀರುವಿನಲ್ಲಿ ಪಂಚೆಗಳ ಕೆಳಗೆ ಇಟ್ಟೆನು. ಮೂರು ತಿಂಗಳು ಕಳೆಯಿತು, ಒಂದು ವರ್ಷವೂ ಕಳೆಯಿತು. ವೈದ್ಯರ ಬಳಿಗೆ ನಾನು ಹೋಗಲಿಲ್ಲ.

ವರದಿಯು ಸಿಕ್ಕಿದ್ದು ನಮ್ಮ ಮನೆಯಾಕೆಗೆ. ಆಕೆ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವಳು. ಉತ್ತರಪತ್ರಿಕೆಯಲ್ಲಿ ಬರೆದಿರುವುದಕ್ಕಿಂತ ಬರೆಯದೆ ಬಿಟ್ಟಿರುವುದನ್ನು ಬೇಗನೆ ಕಾಣುವವಳು. ಕಾಗದವನ್ನು ಎರಡು ಬಾರಿ ಓದಿ, “ಇದರಲ್ಲಿ ಗ್ರಂಥಿ ದೊಡ್ಡದಾಗಿದೆ ಅಂತ ಇದೆ. ರೋಗ ಇಲ್ಲ ಅಂತ ಎಲ್ಲಿದೆ, ತೋರಿಸಿ” ಎಂದಳು. ನಾನು ಕನ್ನಡಕ ಹಾಕಿಕೊಂಡು ಹುಡುಕಿದೆನು. ಎಲ್ಲಿಯೂ ಇರಲಿಲ್ಲ. “ಭಾವನವರ ಮನೆಯಲ್ಲಿ ಆದದ್ದು ಸಾಲದೇ ನಿಮಗೆ?” ಎಂದು ಕೇಳಿ ಅವಳು ಅಡಿಗೆಮನೆಗೆ ಹೋಗಿಬಿಟ್ಟಳು. ಮಾರನೆಯ ದಿನವೇ ರಕ್ತ ಕೊಟ್ಟೆನು. ಪಿ.ಎಸ್.ಎ. 14 ಆಗಿತ್ತು.

ಈ ಬಾರಿ ಮೂತ್ರರೋಗತಜ್ಞರೊಬ್ಬರನ್ನು ಕಂಡೆವು. ಅವರು ಹೇಳಿದ ಮೊದಲ ವಿಷಯವೆಂದರೆ, ಅಲ್ಟ್ರಾಸೌಂಡ್ ಸುಳ್ಳು ಹೇಳಿರಲಿಲ್ಲ. ನಾನೇ ಅದನ್ನು ಕೇಳಬಾರದ ಪ್ರಶ್ನೆಯನ್ನು ಕೇಳಿದ್ದೆನು. ಧ್ವನಿತರಂಗವು ಗ್ರಂಥಿಯ ಅಳತೆಯನ್ನು, ಮೂತ್ರವು ಎಷ್ಟು ಉಳಿಯುತ್ತದೆಂಬುದನ್ನು ಚೆನ್ನಾಗಿ ಹೇಳುತ್ತದೆ. ಆದರೆ ಕ್ಯಾನ್ಸರಿನ ಭಾಗವೂ ಆರೋಗ್ಯದ ಭಾಗವೂ ಅನೇಕ ವೇಳೆ ಧ್ವನಿಯನ್ನು ಒಂದೇ ರೀತಿಯಾಗಿ ಹಿಂದಿರುಗಿಸುವುದರಿಂದ, ಅದಕ್ಕೆ ಎರಡರ ಭೇದ ತಿಳಿಯದು. ಗುದದ್ವಾರದ ಮೂಲಕ ಸಮೀಪದಿಂದ ನೋಡಿದರೂ ಅದರ ಮುಖ್ಯ ಉಪಯೋಗವು ಸೂಜಿಗೆ ದಾರಿ ತೋರಿಸುವುದೇ ಆಗಿದೆ. ಬಹುಕಾಲ ಹೀಗೆಯೇ, ರೋಗದ ಜಾಗವನ್ನು ಕಾಣದೆ, ಗ್ರಂಥಿಯ ಹತ್ತು ಹನ್ನೆರಡು ಕಡೆ ಲೆಕ್ಕದಂತೆ ಸೂಜಿ ಹಾಕಿ ಚೂರುಗಳನ್ನು ತೆಗೆದು ಪರೀಕ್ಷಿಸುತ್ತಿದ್ದರು. ಚೂರಿನಲ್ಲಿ ರೋಗವಿದ್ದರೆ ಇದೆ ಎನ್ನಬಹುದು. ಇಲ್ಲದಿದ್ದರೆ ರೋಗವೇ ಇಲ್ಲವೋ, ಸೂಜಿಯು ಪಕ್ಕಕ್ಕೆ ಬಿದ್ದಿತೋ ಎಂಬ ಸಂಶಯ ಉಳಿಯುತ್ತಿತ್ತು.

“ಮೊದಲು ಎಂ.ಆರ್.ಐ. ಮಾಡಿಸೋಣ, ಆಮೇಲೆ ಸೂಜಿ” ಎಂದರು ವೈದ್ಯರು. ಹಳೆಯ ಚಟ ಬಿಡಲಿಲ್ಲ. “ಅದು ಎಷ್ಟರಮಟ್ಟಿಗೆ ನಿಜ ಹೇಳುತ್ತದೆ ಸ್ವಾಮಿ?” ಎಂದು ಕೇಳಿದೆನು. ಅವರು ಸಿಟ್ಟುಮಾಡಿಕೊಳ್ಳದೆ ಒಂದು ಕಾಗದದ ಮೇಲೆ ಅಂಕೆಗಳನ್ನು ಬರೆದುಕೊಟ್ಟರು. ಆ ಕಾಗದವು ಈಗಲೂ ನನ್ನಲ್ಲಿದೆ. ಅದರ ಸಾರಾಂಶವನ್ನು ಹೇಳುತ್ತೇನೆ.

ಒಂದು ಪರೀಕ್ಷೆಯ ನಿಜವನ್ನು ಅಳೆಯಬೇಕಾದರೆ ಅದಕ್ಕಿಂತ ಖಚಿತವಾದ ಮತ್ತೊಂದು ಅಳತೆಗೋಲು ಬೇಕು. ಇಂಗ್ಲೆಂಡಿನ ವೈದ್ಯರು ‘ಪ್ರಾಮಿಸ್’ ಎಂಬ ಹೆಸರಿನಲ್ಲಿ ಇಂಥ ಪರಿಶೋಧನೆಯೊಂದನ್ನು ನಡೆಸಿ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. 576 ಮಂದಿ ಗಂಡಸರಿಗೆ ಎಂ.ಆರ್.ಐ.ಯನ್ನೂ ಮಾಡಿದರು, ಹಳೆಯ ಪದ್ಧತಿಯ ಸೂಜಿಯನ್ನೂ ಹಾಕಿದರು, ಇವೆರಡರ ಮೇಲೆ ತೀರ್ಪುಗಾರನಂತೆ, ಅರಿವಳಿಕೆ ಕೊಟ್ಟು ಗ್ರಂಥಿಯನ್ನು 5 ಮಿಲಿಮೀಟರಿಗೊಂದರಂತೆ ಸೂಜಿಯಿಂದ ಶೋಧಿಸಿಯೂ ನೋಡಿದರು. ಚಿಕಿತ್ಸೆಗೆ ತಕ್ಕಷ್ಟು ಗಂಭೀರವಾದ ಕ್ಯಾನ್ಸರಿದ್ದ 100 ಮಂದಿಯಲ್ಲಿ ಎಂ.ಆರ್.ಐ.ಯು 93 ಮಂದಿಯನ್ನು ಗುರುತಿಸಿತು. ಹಳೆಯ ಸೂಜಿಯು ಗುರುತಿಸಿದ್ದು 48 ಮಂದಿಯನ್ನು ಮಾತ್ರ. ಅರ್ಥಾತ್, ರೋಗವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಅದು ಕೈಬಿಟ್ಟಿತ್ತು.

ಇಷ್ಟನ್ನೇ ಕೇಳಿ ಎಂ.ಆರ್.ಐ.ಗೆ ಜಯಕಾರ ಹಾಕುವಂತಿಲ್ಲ. ಗಂಭೀರ ರೋಗವಿಲ್ಲದ 100 ಮಂದಿಯಲ್ಲಿ ‘ಇವರಿಗೆ ಇಲ್ಲ’ ಎಂದು ಎಂ.ಆರ್.ಐ. ಬಿಟ್ಟುಕೊಟ್ಟದ್ದು 41 ಮಂದಿಯನ್ನು ಮಾತ್ರ. ಉಳಿದ 59 ಮಂದಿಯ ಮೇಲೆ ವೃಥಾ ಸಂಶಯಪಟ್ಟಿತು. ಸೂಜಿಯಾದರೋ ಅಂಥ 100ರಲ್ಲಿ 96 ಮಂದಿಯನ್ನು ಸರಿಯಾಗಿ ಬಿಟ್ಟಿತ್ತು. ನನ್ನ ವಿಭಾಗದಲ್ಲಿ ಇಂಥ ಇಬ್ಬರು ಕೆಲಸಗಾರರಿದ್ದರು. ಹೊಸದಾಗಿ ಬಂದ ಒಬ್ಬನು ಗೀಚು ಕಂಡರೂ ಬಿರುಕೆಂದು ಸಾಮಾನನ್ನು ತಡೆಹಿಡಿಯುತ್ತಿದ್ದನು. ಹಳಬನೊಬ್ಬನು ತಾನು ಬಿರುಕೆಂದರೆ ಅದು ಬಿರುಕೇ; ಆದರೆ ಅವನ ಕೈಯಿಂದ ಎಷ್ಟೋ ಬಿರುಕುಗಳು ದಾಟಿಹೋಗುತ್ತಿದ್ದವು. ಮೊದಲನೆಯವನನ್ನು ಹೆಬ್ಬಾಗಿಲಲ್ಲಿಯೂ ಎರಡನೆಯವನನ್ನು ಒಳಬಾಗಿಲಲ್ಲಿಯೂ ನಿಲ್ಲಿಸುವುದೇ ಜಾಣತನ. ವೈದ್ಯರು ಮಾಡಿದ್ದೂ ಅದನ್ನೇ: ಎಂ.ಆರ್.ಐ. ಸಂಶಯಪಟ್ಟ ಜಾಗಕ್ಕೇ ಸೂಜಿಯನ್ನು ಗುರಿಯಿಡುವುದು. 2018ರಲ್ಲಿ ಪ್ರಕಟವಾದ, 500 ಮಂದಿಯನ್ನು ಒಳಗೊಂಡ ‘ಪ್ರಿಸಿಶನ್’ ಪರಿಶೋಧನೆಯಲ್ಲಿ ಹೀಗೆ ಮಾಡಿದವರಲ್ಲಿ ಶೇಕಡ 38 ಮಂದಿಗೂ, ಹಳೆಯ ಕ್ರಮದಲ್ಲಿ ಶೇಕಡ 26 ಮಂದಿಗೂ ಗಂಭೀರ ರೋಗವು ಗೊತ್ತಾಯಿತು. ಅದಲ್ಲದೆ ಎಂ.ಆರ್.ಐ. ಮಾಡಿಸಿಕೊಂಡವರಲ್ಲಿ ಶೇಕಡ 28 ಮಂದಿಗೆ ಸೂಜಿಯ ಅಗತ್ಯವೇ ಬೀಳಲಿಲ್ಲ.

ಎಂ.ಆರ್.ಐ. ಯಂತ್ರದಲ್ಲಿ ವಿಕಿರಣವಿಲ್ಲ. ಭೂಮಿಯ ಅಯಸ್ಕಾಂತಶಕ್ತಿಯ ಹತ್ತಾರು ಸಾವಿರ ಪಟ್ಟು ಬಲವುಳ್ಳ ಸೂಜಿಗಲ್ಲಿನ ಸುರಂಗದಲ್ಲಿ ನಮ್ಮನ್ನು ಮಲಗಿಸಿ, ದೇಹದ ನೀರಿನಲ್ಲಿರುವ ಜಲಜನಕದ ಕಣಗಳು ಹೊರಡಿಸುವ ಸೂಕ್ಷ್ಮ ಸಂಕೇತಗಳಿಂದ ಚಿತ್ರ ಬರೆಯುತ್ತಾರೆ. ಅದರಲ್ಲಿ ಒಂದು ಬಗೆಯ ಚಿತ್ರವು ನೀರಿನ ಓಡಾಟವನ್ನೇ ತೋರಿಸುತ್ತದೆ. ಹಬ್ಬದ ಹಿಂದಿನ ಸಂಜೆ ತಿಪ್ಪಸಂದ್ರದ ಮುಖ್ಯ ರಸ್ತೆಯಲ್ಲಿ ಹೂವಿನವರ, ಬಾಳೆಕಂದಿನವರ ನಡುವೆ ನಾವು ಹೇಗೆ ಹೆಜ್ಜೆಯಿಡಲಾರೆವೋ, ಹಾಗೆಯೇ ಕ್ಯಾನ್ಸರಿನ ಒತ್ತಾದ ಜೀವಕೋಶಗಳ ನಡುವೆ ನೀರು ಸರಾಗವಾಗಿ ಚಲಿಸಲಾರದು. ಎಲ್ಲಿ ನೀರು ಸಿಕ್ಕಿಕೊಂಡಿದೆಯೋ ಅಲ್ಲಿ ಸಂಶಯ. ನೋಡಿದ ತಜ್ಞರು ಆ ಸಂಶಯಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಇದನ್ನು ಪೈರಾಡ್ಸ್ ಎನ್ನುತ್ತಾರೆ. 1 ಎಂದರೆ ಸಂಶಯ ಬಹಳ ಕಡಿಮೆ, 5 ಎಂದರೆ ಬಹಳ ಹೆಚ್ಚು.

ನನಗೆ ಬಂದದ್ದು 4. ಗ್ರಂಥಿಯ ಮುಂಭಾಗದಲ್ಲಿ 12 ಮಿಲಿಮೀಟರಿನ ಒಂದು ಕಲೆ. ಹಿಂದಿನಿಂದ ಹೋಗುವ ಹಳೆಯ ಸೂಜಿಯು ಸುಲಭವಾಗಿ ಮುಟ್ಟಲಾರದ ಮೂಲೆಯದು. ಅಲ್ಲಿಗೇ ಗುರಿಯಿಟ್ಟು ಚೂರು ತೆಗೆದರು. ಹತ್ತು ದಿನಗಳ ಮೇಲೆ ಫಲಿತಾಂಶ ಬಂದಿತು: ಕ್ಯಾನ್ಸರು; ಅದರ ಸ್ವಭಾವವನ್ನಳೆಯುವ ಗ್ಲೀಸನ್ ಅಂಕ 4 ಮತ್ತು 3, ಒಟ್ಟು 7. ಅತ್ಯಂತ ಕ್ರೂರವೂ ಅಲ್ಲ, ಸುಮ್ಮನೆ ನೋಡುತ್ತಾ ಕೂರುವಂಥದೂ ಅಲ್ಲ.

ಇನ್ನು ಉಳಿದ ಪ್ರಶ್ನೆಯೇ ದೊಡ್ಡದು: ರೋಗವು ಗ್ರಂಥಿಯಲ್ಲಿಯೇ ಇದೆಯೋ, ಹೊರಗೆ ಹೊರಟಿದೆಯೋ? ಒಳಗಿದ್ದರೆ ಶಸ್ತ್ರಚಿಕಿತ್ಸೆಯಿಂದಲೋ ಕಿರಣಚಿಕಿತ್ಸೆಯಿಂದಲೋ ಬೇರುಸಹಿತ ತೆಗೆಯುವ ಆಸೆಯುಂಟು. ಮೂಳೆಗೆ ಹೋಗಿದ್ದರೆ ದಾರಿಯೇ ಬೇರೆ. ಅದು ನಮ್ಮ ಭಾವನವರು ನಡೆದ ದಾರಿ. ಮೊದಲು ಮೂಳೆಯ ಸ್ಕ್ಯಾನ್ ಮಾಡಿದರು. ಟೆಕ್ನೀಶಿಯಂ ಎಂಬ ವಿಕಿರಣದ್ರವ್ಯವನ್ನು ರಕ್ತಕ್ಕೆ ಸೇರಿಸಿದರೆ, ಮೂಳೆಯು ಎಲ್ಲೆಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತಿದೆಯೋ ಅಲ್ಲಲ್ಲಿ ಅದು ಸೇರಿ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ನನ್ನ ಸೊಂಟದ ನಾಲ್ಕನೆಯ ಮಣಿಯಲ್ಲಿ ಒಂದು ಕಪ್ಪು ಚುಕ್ಕೆಯಿತ್ತು.

ಆ ಚುಕ್ಕೆಯನ್ನು ಕಂಡ ದಿನ ನಾವಿಬ್ಬರೂ ಮನೆಗೆ ಬಂದು ದೀಪ ಹಚ್ಚದೆಯೇ ಬಹಳ ಹೊತ್ತು ಕುಳಿತಿದ್ದೆವು. ಭಾವನವರ ಸೊಂಟದ ನೋವು, ಎಣ್ಣೆಯ ವಾಸನೆ, ಕಡೆಯ ದಿನಗಳಲ್ಲಿ ಅವರು ಮಗ್ಗುಲಾಗಲಾರದೆ ಸೂರನ್ನು ನೋಡುತ್ತಿದ್ದುದು ಎಲ್ಲವೂ ನೆನಪಿಗೆ ಬಂದಿತು. ಬಹಳ ಹೊತ್ತಿನ ಮೇಲೆ ಮನೆಯಾಕೆಯು, “ನಿಮಗೆ ಸೊಂಟ ನೋವು ಇಪ್ಪತ್ತು ವರ್ಷದಿಂದ ಇದೆಯಲ್ಲ. ಅದನ್ನು ಡಾಕ್ಟರಿಗೆ ಹೇಳಿದಿರಾ?” ಎಂದಳು. ನಾನು ಹೇಳಿರಲಿಲ್ಲ.

ಹೇಳಿದಾಗ ವೈದ್ಯರು ತಲೆದೂಗಿದರು. ಮೂಳೆಯ ಸ್ಕ್ಯಾನಿಗೆ ಮೂಳೆ ಕಟ್ಟುವ ಗಡಿಬಿಡಿ ಕಾಣುತ್ತದೆಯೇ ಹೊರತು ಅದರ ಕಾರಣ ಕಾಣುವುದಿಲ್ಲ. ಸವೆದ ಕೀಲು, ಕೂಡಿಕೊಳ್ಳುತ್ತಿರುವ ಮುರಿತ, ಕ್ಯಾನ್ಸರು ಮೂರೂ ಅದಕ್ಕೆ ಒಂದೇ ಬಣ್ಣ. ಆದುದರಿಂದ ಪಿ.ಎಸ್.ಎಂ.ಎ. ಪೆಟ್ ಎಂಬ ಹೊಸ ಸ್ಕ್ಯಾನನ್ನು ಮಾಡಿಸಬೇಕೆಂದರು. ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳ ಹೊರಮೈಯಲ್ಲಿ ಒಂದು ವಿಶೇಷವಾದ ಪ್ರೋಟೀನು ಹೇರಳವಾಗಿರುತ್ತದೆ. ಅದಕ್ಕೆ ಅಂಟಿಕೊಳ್ಳುವ ಅಣುವಿಗೆ ಗ್ಯಾಲಿಯಂ ಅಥವಾ ಫ್ಲೋರಿನ್ನಿನ ವಿಕಿರಣಕಣವನ್ನು ಕಟ್ಟಿ ರಕ್ತಕ್ಕೆ ಬಿಟ್ಟರೆ, ಅದು ರೋಗವಿರುವೆಡೆಗೆ ಹೋಗಿ ದೀಪದಂತೆ ಬೆಳಗುತ್ತದೆ. ಗ್ಯಾಲಿಯಮ್ಮಿನ ಶಕ್ತಿಯು 68 ನಿಮಿಷಕ್ಕೆ ಅರ್ಧವಾಗಿಬಿಡುವುದರಿಂದ ಅದನ್ನು ಬೇಕಾದಾಗಲೇ ಸಿದ್ಧಪಡಿಸಿ ಬೇಗನೆ ಬಳಸಬೇಕು. 2020ರಲ್ಲಿ ಆಸ್ಟ್ರೇಲಿಯದವರು ಪ್ರಕಟಿಸಿದ, 302 ಮಂದಿಯ ಪರಿಶೋಧನೆಯಲ್ಲಿ, ಹರಡಿದ ರೋಗವನ್ನು ತಿಳಿಯುವುದರಲ್ಲಿ ಇದರ ನಿಷ್ಕೃಷ್ಟತೆಯು ಶೇಕಡ 92, ಸಿ.ಟಿ.ಯೂ ಮೂಳೆಯ ಸ್ಕ್ಯಾನೂ ಕೂಡಿದರೆ ಶೇಕಡ 65. ದೇಹಕ್ಕೆ ತಗಲುವ ವಿಕಿರಣವೂ ಇದರಲ್ಲಿ ಅರ್ಧಕ್ಕಿಂತ ಕಡಿಮೆ: 19.2ಕ್ಕೆ ಬದಲಾಗಿ 8.4 ಮಿಲಿಸೀವರ್ಟ್. ಇದಕ್ಕೂ ಕುರುಡುಂಟು. ಕೆಲವರ ಕ್ಯಾನ್ಸರಿನಲ್ಲಿ ಆ ಪ್ರೋಟೀನೇ ಇರುವುದಿಲ್ಲ; ಬಹಳ ಸಣ್ಣ ಕಣಗಳು ಕಾಣುವುದಿಲ್ಲ. ಆರೋಗ್ಯವಂತರಲ್ಲಿಯೂ ಲಾಲಾಗ್ರಂಥಿಗಳೂ ಮೂತ್ರಪಿಂಡಗಳೂ ಪ್ರಕಾಶಿಸುತ್ತವೆ. ವೆಚ್ಚವೂ ಹೆಚ್ಚು.

ಔಷಧವನ್ನು ಚುಚ್ಚಿಸಿಕೊಂಡು ಒಂದು ಗಂಟೆ ಏಕಾಂತದಲ್ಲಿ ಕಾಯಬೇಕಾಗಿತ್ತು. ಆಗ ನನಗೆ ಒಂದು ವಿಷಯ ಸ್ಮರಣೆಗೆ ಬಂದಿತು. ಈ ಯಂತ್ರದ ಭಾಗವಾಗಿರುವ ಸಿ.ಟಿ.ಯು ಸುತ್ತಲಿನಿಂದ ತೆಗೆದ ನೆರಳುಗಳನ್ನು ಗಣಿತದಿಂದ ಹೊಂದಿಸಿ ಒಳಗಿನ ರೂಪವನ್ನು ಕಟ್ಟುತ್ತದೆ. ಹಾಗೆ ಕಟ್ಟುವುದಕ್ಕೆ ಸುಲಭವೂ ಶೀಘ್ರವೂ ಆದ ಒಂದು ಗಣಿತಕ್ರಮವನ್ನು 1971ರಲ್ಲಿ ಪ್ರಕಟಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಅವರು. ರಾಮಚಂದ್ರನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ನರ ಶಿಷ್ಯರಾಗಿದ್ದು, ಮುಂದೆ ಅಲ್ಲಿಯೇ ಬಹುಕಾಲ ಪ್ರಾಧ್ಯಾಪಕರಾಗಿದ್ದವರು. ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮೊದಲನೆಯ ರೋಗಿಯ ತಲೆಯನ್ನು ಸಿ.ಟಿ. ಯಂತ್ರವು ನೋಡಿತು. ಅದನ್ನು ನಿರ್ಮಿಸಿದ ಹೌನ್ಸ್‌ಫೀಲ್ಡರಿಗೆ 1979ರಲ್ಲಿ ಕಾರ್ಮ್ಯಾಕರೊಡನೆ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ಊರಿನಲ್ಲಿ ಬಾಳಿದ ಒಬ್ಬರ ಲೆಕ್ಕವೂ ಈ ಕಣ್ಣಿನ ವಂಶದಲ್ಲಿ ಸೇರಿದೆಯೆಂಬುದು ಆ ತಣ್ಣನೆಯ ಕೋಣೆಯಲ್ಲಿ ನನಗೆ ಸ್ವಲ್ಪ ಧೈರ್ಯವನ್ನು ಕೊಟ್ಟಿತು.

ಫಲಿತಾಂಶವನ್ನು ವೈದ್ಯರು ಪರದೆಯ ಮೇಲೆ ತೋರಿಸಿದರು. ಗ್ರಂಥಿಯ ಮುಂಭಾಗದಲ್ಲಿ ಒಂದು ಬೆಳಕು. ಸೊಂಟದ ಮಣಿಯಲ್ಲಿ ಬೆಳಕಿಲ್ಲ, ಅಲ್ಲಿ ಸಿ.ಟಿ.ಯು ತೋರಿಸಿದ್ದು ಸವೆದ ಕೀಲಿನ ಅಂಚಿನಲ್ಲಿ ಬೆಳೆದ ಮುಳ್ಳಿನಂಥ ಮೂಳೆ. ಇಪ್ಪತ್ತು ವರ್ಷ ಬಾಗಿ ನಿಂತು ಲೋಹವನ್ನು ನೋಡಿದ್ದರ ಕಾಣಿಕೆ. ಮನೆಯಾಕೆಯು ಏನೂ ಮಾತಾಡದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. 2022ರ ಕೊನೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ತೆಗೆದ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು, ರೋಗವು ಎಂ.ಆರ್.ಐ. ಹೇಳಿದ ಜಾಗದಲ್ಲಿಯೇ ಇದ್ದಿತೆಂದೂ ಅಂಚುಗಳು ಶುದ್ಧವಾಗಿವೆಯೆಂದೂ ಬರೆದರು. ಅಂದಿನಿಂದ ಪಿ.ಎಸ್.ಎ. ಅಳತೆಗೆ ಸಿಕ್ಕದಷ್ಟು ಕಡಿಮೆಯಿದೆ. ಮೂತ್ರದ ಹತೋಟಿಯು ಮರಳಿ ಬರಲು ಏಳು ತಿಂಗಳು ಹಿಡಿಯಿತು, ಇದನ್ನೂ ಮುಚ್ಚಿಡುವುದಿಲ್ಲ.

ಹಾಗೆಂದು ಇದನ್ನೋದಿದವರೆಲ್ಲರೂ ನಾಳೆಯೇ ದೊಡ್ಡ ಯಂತ್ರಗಳ ಮುಂದೆ ಸಾಲು ನಿಲ್ಲಬೇಕೆಂದು ನನ್ನ ಅಭಿಪ್ರಾಯವಲ್ಲ. ಮುದುಕರಾದ ಎಷ್ಟೋ ಗಂಡಸರ ಗ್ರಂಥಿಯಲ್ಲಿ ಎಂದೂ ಕೆಣಕದೆ ಮಲಗಿರುವ ಸಣ್ಣ ಕ್ಯಾನ್ಸರುಗಳಿರುತ್ತವೆ. ಅವನ್ನು ಹುಡುಕಿ ಎಬ್ಬಿಸಿ ಚಿಕಿತ್ಸೆ ಮಾಡಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚಾಗಬಹುದು. ಅಂಥವನ್ನು ಕಾಲಕಾಲಕ್ಕೆ ನೋಡುತ್ತಿದ್ದರೆ ಸಾಕೆಂದು ವೈದ್ಯರೇ ಹೇಳುತ್ತಾರೆ. ಎಂ.ಆರ್.ಐ.ಯಲ್ಲಿ ಏನೂ ಕಾಣದಿದ್ದರೂ ನೂರಕ್ಕೆ ನೂರು ನಿಶ್ಚಿಂತೆಯಲ್ಲ. ಆ ಇಂಗ್ಲಿಷ್ ಪರಿಶೋಧನೆಯಲ್ಲಿ ಹಾಗೆ ಏನೂ ಕಾಣದವರಲ್ಲಿ ನೂರಕ್ಕೆ ಹನ್ನೊಂದು ಮಂದಿಗೆ ಗಂಭೀರ ರೋಗವಿತ್ತು. ಆದುದರಿಂದ ಯಾವ ಸ್ಕ್ಯಾನಿಗೆ ಹೋದರೂ ಗೃಹಸ್ಥನು ಮೂರು ಮಾತು ಕೇಳಬೇಕು. ಇದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ? ಇದು ಯಾವುದನ್ನು ಕಾಣಲಾರದು? ಉತ್ತರ ಬಂದ ಮೇಲೆ ನಾವು ಮಾಡುವ ಕೆಲಸವೇನು? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಹಣವನ್ನು ಉಳಿಸಿಕೊಳ್ಳಬಹುದು.

ನಮ್ಮ ನಗರದಲ್ಲಿ ಈ ರೋಗವು ಅಪರೂಪದ್ದಲ್ಲ. ಹೊಸೂರು ರಸ್ತೆಯ ಕಡೆ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯವರು 1982ರಿಂದ ಬೆಂಗಳೂರಿನ ಕ್ಯಾನ್ಸರು ರೋಗಿಗಳ ದಾಖಲೆಯನ್ನು ಇಡುತ್ತಿದ್ದಾರೆ. ಗಂಡಸರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳ ಮೊದಲ ಸಾಲಿನಲ್ಲಿ ಪ್ರಾಸ್ಟೇಟ್ ಇದೆ. ತಂದೆಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಉಳಿದವರಿಗೆ ಬರುವ ಸಂಭವ ಹೆಚ್ಚು.

ಈ ಕಡೆಯ ವಾಕ್ಯವನ್ನು ವೈದ್ಯರ ಬಾಯಿಂದ ಕೇಳಿದ ರಾತ್ರಿ ನಾನು ತಿಪಟೂರಿಗೆ, ಭಾವನವರ ಮಗನಿಗೆ ಟೆಲಿಫೋನ್ ಮಾಡಿದೆನು. ಅವನಿಗೆ ಆಗ ಐವತ್ತೆರಡು. ನಾನು ವಿಷಯವನ್ನೆತ್ತಿದೊಡನೆ, “ನನಗೇನೂ ಇಲ್ಲ ಮಾವ, ಚೆನ್ನಾಗಿದ್ದೇನೆ” ಎಂದು ಮಾತು ತಿರುಗಿಸಿದನು. ಅದು ಅವನ ತಂದೆಯ ಧ್ವನಿಯೇ ಆಗಿತ್ತು. ನಾನು ಆ ದಿನ ನನ್ನ ಕಥೆಯನ್ನೆಲ್ಲಾ, ಪಂಚೆಗಳ ಕೆಳಗಿನ ವರದಿಯಿಂದ ಮೊದಲುಗೊಂಡು, ಒಂದೂ ಬಿಡದೆ ಹೇಳಿದೆನು. ಮುಂದಿನ ವಾರ ಅವನು ರೈಲು ಹತ್ತಿ ಬಂದನು. ರಕ್ತಪರೀಕ್ಷೆಯು ಸರಿಯಾಗಿಯೇ ಇತ್ತು. ಒಂದೆರಡು ವರ್ಷಕ್ಕೊಮ್ಮೆ ನೋಡಿಸಿಕೊಂಡರೆ ಸಾಕೆಂದರು.

ಅವನು ಊರಿಗೆ ಹಿಂದಿರುಗಿದ ರಾತ್ರಿ ಅಕ್ಕ ಟೆಲಿಫೋನ್ ಮಾಡಿದಳು. ಮಗನ ವಿಷಯ ಕೇಳಿ ಸಂತೋಷಪಟ್ಟಳು. ಬಳಿಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ರಾತ್ರಿ ಎದ್ದೆದ್ದು ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು ಕಣೋ. ಹೆಂಗಸು, ಹೇಗೆ ಕೇಳಲಿ ಅಂತ ಸುಮ್ಮನಿದ್ದೆ” ಎಂದಳು. ಅದಕ್ಕೆ ನಾನು ಏನನ್ನೂ ಹೇಳಲಾರದೆ ಹೋದೆನು. ಈ ಲೇಖನವನ್ನು ಬರೆದಿರುವುದು ಆ ಮಾತಿಗಾಗಿಯೇ.